ನೇರಳೆ ಇಂಕಿನ ಹಸಿರು ಮಿರುಗು

ಇಂಕ್ ಪೆನ್ನಿಗೆ ಗಾಢ ನೇರಳೆ ತುಂಬಿ, ನಯವಾದ ಕಾಗದದ ಮೇಲೆ, ಕೊಂಚ ದಪ್ಪ ನಿಬ್ಬಿನಲ್ಲಿ ನಾಲ್ಕು ಸಾಲು ಬರೆದು ಒಣಗಲು ಬಿಡಿ. ಆಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೊಂಬು ಸುತ್ತಿ ನಿಂತ ಕಡೆ, ಒತ್ತಕ್ಷರದ ಬಾಲದಲ್ಲಿ, ಇಂಕು ತುಸು ಮಡುಗಟ್ಟಿ ಆರಿದ ಜಾಗದಲ್ಲಿ ನೇರಳೆ ಮಾಯವಾಗಿ ಹಸಿರು ಎದ್ದಿರುತ್ತದೆ. ಕೆಲವು ಇಂಕುಗಳಲ್ಲಿ ಅದು ಹಸಿರು ಬೆರೆತ ಚಿನ್ನ, ಕೆಲವುಗಳಲ್ಲಿ ತಾಮ್ರ. ಹಾಳೆಯನ್ನು ನೆಟ್ಟಗೆ ಮಾಡಿದರೆ ಮತ್ತೆ ಮೊದಲಿನ ನೇರಳೆ. ಇಂಕು ಕೂಡಿಡುವ ಹವ್ಯಾಸವಿರುವವರು ಇದನ್ನು ಶೀನ್ ಎನ್ನುತ್ತಾರೆ. ನಾನು ಇಲ್ಲಿ ಮಿರುಗು ಎನ್ನುತ್ತೇನೆ.

ಶೀಶೆಯೊಳಗೆ ಇಣುಕಿದರೆ ಹಸಿರಿನ ಸುಳಿವೂ ಇಲ್ಲ. ಅಂಗಡಿಯಲ್ಲಿ ಶಿಮ್ಮರ್ ಇಂಕು ಎಂಬ ಬೇರೆ ಜಾತಿಯೊಂದು ಸಿಗುತ್ತದೆ. ಅದರಲ್ಲಿ ಅಭ್ರಕದಂಥ ನವಿರಾದ ಪುಡಿ ತಳದಲ್ಲಿ ಕೂತಿರುತ್ತದೆ, ಕುಲುಕಿಯೇ ತುಂಬಬೇಕು. ಮಿರುಗುವ ಇಂಕಿಗೆ ಅಂಥ ಪುಡಿಯ ಹಂಗಿಲ್ಲ. ರೇಷ್ಮೆ ಸೀರೆಯ ಹಾಸಿಗೆ ಒಂದು ಬಣ್ಣದ ನೂಲು, ಹೊಕ್ಕಿಗೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದರೆ ಸೆರಗು ಅಲುಗಿದಾಗ ಬಣ್ಣ ಬದಲಾಗುವುದನ್ನು ನೋಡಿದ್ದೇವೆ. ಅಲ್ಲಿ ಎರಡು ನೂಲಿವೆ, ಎರಡು ಬಣ್ಣವಿವೆ, ಸೋಜಿಗಕ್ಕೆ ಕಾರಣ ಕೈಗೆ ಸಿಗುತ್ತದೆ. ಇಂಕಿನಲ್ಲಿ ಎರಡನೆಯ ನೂಲೇ ಇಲ್ಲ. ಒಂದೇ ವಸ್ತು ಒಮ್ಮೆ ನೇರಳೆಯಾಗಿ, ಒಮ್ಮೆ ಹಸಿರಾಗಿ ಕಾಣುತ್ತಿದೆ. ಹಾಗಾದರೆ ಹಸಿರು ಬಂದದ್ದು ಎಲ್ಲಿಂದ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1853ರಲ್ಲಿ. ಆಗಿನ್ನೂ ಕಾರ್ಖಾನೆಯಲ್ಲಿ ತಯಾರಾದ ನೇರಳೆ ಬಣ್ಣ ಹುಟ್ಟಿರಲಿಲ್ಲ, ಇಂದಿನಂಥ ಫೌಂಟನ್ ಪೆನ್ನೂ ಇರಲಿಲ್ಲ. ಉತ್ತರ ಹುಡುಕಿದವರು ಇಂಕನ್ನು ನೋಡುತ್ತಲೂ ಇರಲಿಲ್ಲ. ಅವರ ಮೇಜಿನ ಮೇಲೆ ಇದ್ದ ವಸ್ತುಗಳಲ್ಲಿ ಒಂದು ನಮ್ಮ ಕುಸುಬೆ ಹೂವಿನ ಕೆಂಪು.

ವಿಜಯಪುರ, ಕಲಬುರಗಿ, ಧಾರವಾಡದ ಕಡೆ ಎರೆಮಣ್ಣಿನಲ್ಲಿ ಹಿಂಗಾರಿಗೆ ಬಿತ್ತುವ ಕುಸುಬೆಯನ್ನು ನಾವು ಎಣ್ಣೆಗಾಗಿ ಬೆಳೆಯುತ್ತೇವೆ. ಹಳೆಯ ಕಾಲದಲ್ಲಿ ಲೋಕದ ಬಹಳ ಕಡೆ ಅದನ್ನು ಬೆಳೆದದ್ದು ಹೂವಿನ ಎಸಳಿಗಾಗಿ. ಎಸಳಿನಲ್ಲಿ ಹಳದಿ ಬಹಳ, ಕೆಂಪು ಸ್ವಲ್ಪ. ಹಳದಿ ನೀರಿನಲ್ಲೇ ತೊಳೆದುಹೋಗುತ್ತದೆ. ಉಳಿದ ಎಸಳನ್ನು ಬೂದಿನೀರಿನಂಥ ಕ್ಷಾರದಲ್ಲಿ ನೆನೆಸಿ, ಆ ನೀರಿಗೆ ಹುಳಿ ಬೆರೆಸಿದರೆ ಕೆಂಪು ತಳಕ್ಕೆ ಇಳಿಯುತ್ತದೆ. ಇದೇ ಕಾರ್ತಮಿನ್. ಜಪಾನಿನಲ್ಲಿ ಇದನ್ನು ಬೆನಿ ಎಂದು ಕರೆದು, ಪಿಂಗಾಣಿ ಬಟ್ಟಲಿನ ಒಳಮೈಗೆ ಬಳಿದು ಮಾರುತ್ತಿದ್ದರು. ಬಟ್ಟಲಿನಲ್ಲಿ ಒಣಗಿದ ಬೆನಿ ಕೆಂಪಗೆ ಕಾಣುವುದಿಲ್ಲ. ಜೀರುಂಡೆಯ ಬೆನ್ನಿನ ಹಾಗೆ ಹಸಿರು-ಚಿನ್ನವಾಗಿ ಮಿರುಗುತ್ತದೆ. ಒದ್ದೆ ಕುಂಚ ತಾಕಿಸಿದ ಕೂಡಲೇ ಆ ಜಾಗ ರಕ್ತಗೆಂಪಾಗುತ್ತದೆ. ಎಡೋ ಕಾಲದ ಕೊನೆಯ ಭಾಗದಲ್ಲಿ ಅಲ್ಲಿನ ಹೆಂಗಸರು ಕೆಳತುಟಿಗೆ ಬೆನಿಯನ್ನು ಪದರಪದರವಾಗಿ ಹಚ್ಚಿ, ತುಟಿ ಹಸಿರು ಮಿರುಗುವಂತೆ ಮಾಡಿಕೊಳ್ಳುತ್ತಿದ್ದರು. ಬೆನಿ ತುಟ್ಟಿ. ಅಷ್ಟು ಕೊಳ್ಳಲಾಗದವರು ಮೊದಲು ತುಟಿಗೆ ಮಸಿ ಬಳಿದು, ಅದರ ಮೇಲೆ ತೆಳುವಾಗಿ ಬೆನಿ ಹಚ್ಚುತ್ತಿದ್ದರು; ಹಸಿರು ಕಾಣುತ್ತಿತ್ತು. ಕೆಳಗೆ ಕಪ್ಪಿದ್ದರೆ ಅಲ್ಲಿಂದ ಕೆಂಪು ಬೆಳಕು ವಾಪಸು ಬಂದು ಕಣ್ಣಿಗೆ ಅಡ್ಡವಾಗುವುದಿಲ್ಲ, ಮೇಲ್ಮೈಯ ಹಸಿರಷ್ಟೇ ಉಳಿಯುತ್ತದೆ. ಈ ಉಪಾಯ ಕಂಡುಕೊಂಡ ಹೆಂಗಸರ ಹೆಸರು ಯಾವ ಭೌತಶಾಸ್ತ್ರದ ಪುಸ್ತಕದಲ್ಲೂ ಇಲ್ಲ. ಮಿರುಗಿನ ಮೊದಲ ಪ್ರಯೋಗಶೀಲರು ಅವರೇ ಎಂದು ನಾನು ನಂಬಿದ್ದೇನೆ.

ಯುರೋಪಿನಲ್ಲಿ ಇಂಥ ವಸ್ತುಗಳನ್ನು ಒಂದು ಗುಂಪಾಗಿ ಗಮನಿಸಿದವನು ವಿಯೆನ್ನಾದ ಖನಿಜಶಾಸ್ತ್ರಜ್ಞ ವಿಲ್‌ಹೆಲ್ಮ್ ಹೈಡಿಂಗರ್. ಹರಳಿನ ಒಡಲಿನ ಬಣ್ಣ ಒಂದಾದರೆ ಅದರ ಮೈಮೇಲಿನ ಹೊಳಪಿನ ಬಣ್ಣ ಬೇರೆ, ಮತ್ತು ಆ ಎರಡು ಬಣ್ಣಗಳು ಒಂದಕ್ಕೊಂದು ಪೂರಕವಾಗಿರುತ್ತವೆ ಎಂಬುದನ್ನು ಅವನು ಹರಳಿನ ಮೇಲೆ ಹರಳು ನೋಡಿ ಕಂಡುಕೊಂಡಿದ್ದ. ಕೆಂಪಾದರೆ ಹಸಿರು, ನೀಲಿಯಾದರೆ ತಾಮ್ರ. ಹೀಗೇಕೆ ಎಂಬುದನ್ನು ಬಿಡಿಸಲು ಬೇಕಾದದ್ದು ಪಟ್ಟಕ. ಅದನ್ನು ಕೈಗೆತ್ತಿಕೊಂಡವನು ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್.

ಸ್ಟೋಕ್ಸ್ ಐರ್ಲೆಂಡಿನವನು, 1849ರಿಂದ ಕೇಂಬ್ರಿಜ್‌ನಲ್ಲಿ ಗಣಿತದ ಲ್ಯುಕೇಸಿಯನ್ ಪ್ರಾಧ್ಯಾಪಕ. ಗಣಿತದ ಪೀಠದಲ್ಲಿ ಕೂತವನಾದರೂ ಬಣ್ಣದ ದ್ರವ, ಹರಳು, ಎಲೆಯ ರಸಗಳನ್ನು ಬೆಳಕಿಗೆ ಹಿಡಿದು ನೋಡುವುದರಲ್ಲಿ ಅವನಿಗೆ ಅಪಾರ ಆಸಕ್ತಿ. 1853ರ ಡಿಸೆಂಬರಿನಲ್ಲಿ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ, ಲೋಹವಲ್ಲದ ಕೆಲವು ವಸ್ತುಗಳು ಲೋಹದಂತೆ ಹೊಳೆಯುವುದರ ಬಗ್ಗೆ ಅವನ ಲೇಖನ ಬಂತು. ಕುಸುಬೆಯ ಕೆಂಪು ಅದರಲ್ಲಿತ್ತು. ನನ್ನ ಕಣ್ಣಲ್ಲಿ ಇನ್ನೂ ದೊಡ್ಡ ಸಾಕ್ಷಿ ಅದರಲ್ಲಿದ್ದ ಇನ್ನೊಂದು ವಸ್ತು, ಪೊಟ್ಯಾಶಿಯಂ ಪರ್ಮಾಂಗನೇಟ್.

ಬಾವಿಗೆ ಹಾಕಲು, ದ್ರಾಕ್ಷಿ ತೊಳೆಯಲು ನಮ್ಮ ಮನೆಗಳಿಗೆ ಬರುತ್ತಿದ್ದ ಅದೇ ಹರಳು. ನೀರಿಗೆ ಒಂದು ಚಿಟಿಕೆ ಬಿದ್ದರೆ ನೇರಳೆಯ ಎಳೆಗಳು ಇಳಿಯುತ್ತವೆ. ಒಣ ಹರಳನ್ನು ಕಾಗದದ ಮೇಲೆ ಹರಡಿ ನೋಡಿದರೆ ಮಾತ್ರ ಅದು ಕಪ್ಪು, ಆ ಕಪ್ಪಿನ ಮೇಲೆ ಕಂಚಿನಂಥ ಹಸಿರು ಛಾಯೆ. ಸ್ಟೋಕ್ಸ್ ಮೊದಲು ನೇರಳೆ ದ್ರಾವಣದ ಮೂಲಕ ಹಾದುಬಂದ ಬೆಳಕನ್ನು ಪಟ್ಟಕದಿಂದ ಬಿಡಿಸಿ ನೋಡಿದ. ಕೆಂಪು ಇತ್ತು, ನೀಲಿ-ನೇರಳೆ ಇತ್ತು, ನಡುವಿನ ಹಸಿರಿನಲ್ಲಿ ಕಪ್ಪು ಪಟ್ಟೆಗಳು ಸಾಲಾಗಿ ನಿಂತಿದ್ದವು. ದ್ರಾವಣ ಹಸಿರನ್ನು ನುಂಗಿಕೊಂಡಿತ್ತು. ಎರಡು ತುದಿಯ ಬಣ್ಣಗಳು ಸೇರಿ ಕಣ್ಣಿಗೆ ನೇರಳೆಯಾಗಿದ್ದವು. ಆಮೇಲೆ ಅವನು ಒಣ ಹರಳಿನ ಮೈಯಿಂದ ಪ್ರತಿಫಲಿಸಿದ ಬೆಳಕನ್ನು ಬಿಡಿಸಿದ. ಈಗ ಹಸಿರಿನ ಜಾಗದಲ್ಲಿ ಬೆಳಗುವ ಪಟ್ಟೆಗಳು. ದ್ರಾವಣದಲ್ಲಿ ಎಲ್ಲೆಲ್ಲಿ ಕಪ್ಪು ಪಟ್ಟೆ ಇತ್ತೋ ಹರಳಿನಲ್ಲಿ ಅಲ್ಲಲ್ಲೇ ಬೆಳಕು.

ಇದೇ ಉತ್ತರ. ಒಂದು ವಸ್ತು ಯಾವ ಬಣ್ಣವನ್ನು ವಿಪರೀತವಾಗಿ ಹೀರುತ್ತದೆಯೋ ಅದೇ ಬಣ್ಣವನ್ನು ಅದರ ಗಟ್ಟಿಯಾದ, ನುಣುಪಾದ ಮೇಲ್ಮೈ ಹಿಂದಕ್ಕೆ ಎಸೆಯುತ್ತದೆ. ಕೇಳಲು ವಿರೋಧಾಭಾಸದಂತಿದೆ, ಆದರೆ ಯೋಚಿಸಿದರೆ ಸರಿಯಾಗಿದೆ. ತೆಳ್ಳಗಿನ ದ್ರಾವಣದಲ್ಲಿ ಹಸಿರು ಬೆಳಕು ಒಳಹೊಕ್ಕು, ಒಂದೊಂದೇ ಅಣುವಿಗೆ ಸಿಕ್ಕಿ, ಸ್ವಲ್ಪಸ್ವಲ್ಪವಾಗಿ ಕರಗಿಹೋಗುತ್ತದೆ. ಅವೇ ಅಣುಗಳು ಇಟ್ಟಣಿಸಿ ಒಂದು ಪದರವಾದಾಗ, ಹಸಿರು ಬೆಳಕಿಗೆ ಅವುಗಳ ಎಲೆಕ್ಟ್ರಾನುಗಳು ಎಷ್ಟು ಜೋರಾಗಿ ಸ್ಪಂದಿಸುತ್ತವೆ ಎಂದರೆ ಅದು ಒಳಗೆ ನುಗ್ಗಲಾರದೆ ಬಾಗಿಲಲ್ಲೇ ಹಿಂತಿರುಗುತ್ತದೆ. ಬೆಳ್ಳಿ ಎಲ್ಲ ಬಣ್ಣಗಳಿಗೂ ಮಾಡುವುದನ್ನು ನೇರಳೆ ಬಣ್ಣದ ಪದರ ಹಸಿರೊಂದಕ್ಕೆ ಮಾಡುತ್ತದೆ. ಎಂದ ಮೇಲೆ ಇಂಕಿನ ಮಿರುಗು ಹೊರಗಿನಿಂದ ಸೇರಿದ ಅಲಂಕಾರವೇ ಅಲ್ಲ. ಇಂಕು ನೇರಳೆಯಾಗಿರುವುದು ಯಾವ ಕಾರಣಕ್ಕೋ ಅದು ಹಸಿರಾಗಿ ಮಿರುಗುವುದೂ ಅದೇ ಕಾರಣಕ್ಕೆ.

ಸ್ಟೋಕ್ಸ್ ಇದನ್ನು ಬರೆದು ಮೂರು ವರ್ಷವೂ ತುಂಬಿರಲಿಲ್ಲ, ಅಷ್ಟರಲ್ಲಿ ಲಂಡನ್ನಿನ ಪೂರ್ವದ ಶ್ಯಾಡ್‌ವೆಲ್‌ನ ಒಂದು ಮನೆಯಲ್ಲಿ 18 ವರ್ಷದ ಹುಡುಗನೊಬ್ಬ ಹೊಸ ನೇರಳೆಯನ್ನು ಕಂಡ. ವಿಲಿಯಂ ಹೆನ್ರಿ ಪರ್ಕಿನ್ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಯಲ್ಲಿ ಜರ್ಮನ್ ಗುರು ಆಗಸ್ಟ್ ವಿಲ್‌ಹೆಲ್ಮ್ ಹಾಫ್‌ಮನ್‌ನ ಶಿಷ್ಯ. 1856ರ ಈಸ್ಟರ್ ರಜೆಗೆ ಗುರು ಊರಿಗೆ ಹೋದಾಗ, ಶಿಷ್ಯ ಮನೆಯ ಮೇಲಂತಸ್ತಿನ ತನ್ನ ಪುಟ್ಟ ಪ್ರಯೋಗಶಾಲೆಯಲ್ಲಿ ಕ್ವಿನೈನ್ ತಯಾರಿಸಲು ಕೂತ. ಮಲೇರಿಯಾಕ್ಕೆ ಆಗ ಇದ್ದ ಮದ್ದು ಕ್ವಿನೈನ್ ಒಂದೇ, ಅದು ಬರುತ್ತಿದ್ದುದು ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ. ಭಾರತದಂಥ ಚಳಿಜ್ವರದ ನೆಲವನ್ನು ಆಳುತ್ತಿದ್ದ ಬ್ರಿಟನ್ನಿಗೆ ಅದು ಎಷ್ಟಿದ್ದರೂ ಸಾಲದು. ನಮ್ಮ ಮಲೆನಾಡನ್ನೂ ಹಿಂಡುತ್ತಿದ್ದ ಜ್ವರದ ಮದ್ದನ್ನು ಹುಡುಕುತ್ತಿದ್ದಾಗಲೇ ಬಣ್ಣ ಸಿಕ್ಕಿದ್ದು ಎಂಬುದು ಈ ಕತೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ಸಂಗತಿ.

ಅಣುಗಳ ಒಳರಚನೆ ಆಗ ಯಾರಿಗೂ ಗೊತ್ತಿರಲಿಲ್ಲ. ಪರ್ಕಿನ್ ಲೆಕ್ಕ ಹಾಕಿದ್ದು ಪರಮಾಣುಗಳ ಎಣಿಕೆಯಲ್ಲಿ: ಅಲೈಲ್‌ಟಾಲ್ಯುಡಿನ್ ಎಂಬ ವಸ್ತುವಿನ ಎರಡು ಪಾಲಿಗೆ ಆಮ್ಲಜನಕ ಕೂಡಿಸಿ ನೀರು ಕಳೆದರೆ ಕ್ವಿನೈನಿನ ಸೂತ್ರಕ್ಕೆ ಸರಿಹೊಂದುತ್ತದೆ. ಪೊಟ್ಯಾಶಿಯಂ ಡೈಕ್ರೋಮೇಟ್ ಹಾಕಿ ನೋಡಿದ. ಬಂದದ್ದು ಕೆಂಪು-ಕಂದು ಕೆಸರು. ಬಿಟ್ಟುಬಿಡಬಹುದಿತ್ತು. ಇದೇ ಕ್ರಿಯೆ ಇನ್ನೂ ಸರಳವಾದ ವಸ್ತುವಿನಲ್ಲಿ ಹೇಗೆ ನಡೆಯುತ್ತದೆ ನೋಡೋಣವೆಂದು ಅವನು ಕಲ್ಲಿದ್ದಲ ಡಾಂಬರಿನಿಂದ ಬಂದ ಅನಿಲಿನ್ ತೆಗೆದುಕೊಂಡ. ಈ ಸಲ ಕಪ್ಪು ಮುದ್ದೆ. ಅದನ್ನು ತೊಳೆದು ಒಣಗಿಸಿ, ಮದ್ಯಸಾರದಲ್ಲಿ ಕರಗಿಸಿದಾಗ ದ್ರವ ನೇರಳೆಯಾಯಿತು. ರೇಷ್ಮೆ ಚೂರು ಅದ್ದಿದ. ಬಣ್ಣ ಹಿಡಿಯಿತು, ತೊಳೆದರೂ ಹೋಗಲಿಲ್ಲ, ಬಿಸಿಲಿಗೂ ಜಗ್ಗಲಿಲ್ಲ.

ಆ ಅನಿಲಿನ್ ಶುದ್ಧವಾಗಿರಲಿಲ್ಲ, ಅದರಲ್ಲಿ ಟಾಲ್ಯುಡಿನ್ ಬೆರೆತಿತ್ತು. ಶುದ್ಧವಾಗಿದ್ದರೆ ಈ ನೇರಳೆ ಹುಟ್ಟುತ್ತಿರಲಿಲ್ಲ. ಪರ್ಕಿನ್ ಸ್ಕಾಟ್ಲೆಂಡಿನ ಪರ್ತ್‌ನಲ್ಲಿದ್ದ ಪುಲ್ಲರ್ ಬಣ್ಣದ ಕಾರ್ಖಾನೆಗೆ ಮಾದರಿ ಕಳಿಸಿದ. ಬಟ್ಟೆ ತೀರ ದುಬಾರಿಯಾಗುವುದಿಲ್ಲವಾದರೆ ಇದು ಬಹುಕಾಲದಲ್ಲಿ ಬಂದ ಬೆಲೆಬಾಳುವ ಶೋಧ ಎಂಬರ್ಥದ ಉತ್ತರ 1856ರ ಜೂನ್ 12ರ ಪತ್ರದಲ್ಲಿ ಬಂತು. ಆಗಸ್ಟ್ 26ಕ್ಕೆ ಪೇಟೆಂಟ್. ಗುರುವಿಗೆ ಸಮಾಧಾನವಿರಲಿಲ್ಲ, ಶಿಷ್ಯ ಕಾಲೇಜು ಬಿಟ್ಟ. ಅಪ್ಪ ಹಣ ಹೂಡಿದ, ಅಣ್ಣ ಜೊತೆಗೆ ನಿಂತ, ಗ್ರೀನ್‌ಫರ್ಡ್ ಗ್ರೀನ್‌ನ ಕಾಲುವೆ ದಂಡೆಯಲ್ಲಿ 1857ರಲ್ಲಿ ಕಾರ್ಖಾನೆ ಎದ್ದಿತು. ಮುಂದೆ ಆ ನೇರಳೆಗೆ ಮಾವ್ ಎಂಬ ಹೆಸರು ನಿಂತಿತು. 1858ರ ಜನವರಿಯಲ್ಲಿ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ಮಾವ್ ಬಣ್ಣದ ಉಡುಪು ತೊಟ್ಟಳು. ಅಲ್ಲಿಯವರೆಗೆ ಒಳ್ಳೆಯ ನೇರಳೆ ಬೇಕೆಂದರೆ ಕಡಲ ಶಂಖದ ಹುಳುವೋ, ಬಂಡೆಯ ಮೇಲಿನ ಕಲ್ಲುಹೂವೋ ಗತಿಯಾಗಿತ್ತು.

ಮಿರುಗಿನ ಕತೆಗೆ ಬೇಕಾದ ವಿಷಯ 1863ರದು. ಪರ್ಕಿನ್ ತನ್ನ ಬಣ್ಣವನ್ನು ಶುದ್ಧ ಹರಳಾಗಿ ತೆಗೆದು ರಾಯಲ್ ಸೊಸೈಟಿಗೆ ವರದಿ ಮಾಡಿದಾಗ, ಆ ಹರಳುಗಳು ಹಸಿರು ಲೋಹದ ಹೊಳಪಿನವು ಎಂದು ದಾಖಲಿಸಿದ. ಸ್ಟೋಕ್ಸ್ ಹೇಳಿದ್ದು ಹೊಸ ವಸ್ತುವಿನಲ್ಲೂ ನಿಜವಾಗಿತ್ತು. ಮಾವ್ ಅಣುವಿನ ರಚನೆ ಮಾತ್ರ ಸರಿಯಾಗಿ ಗೊತ್ತಾದದ್ದು 1994ರಲ್ಲಿ, ಸಂಗ್ರಹಗಳಲ್ಲಿ ಉಳಿದಿದ್ದ ಹಳೆಯ ಮಾದರಿಗಳನ್ನು ಪರೀಕ್ಷಿಸಿದಾಗ. ಅದು ಒಂದೇ ಅಣುವಲ್ಲ, ಹತ್ತಿರದ ಬಂಧುಗಳ ಮಿಶ್ರಣ.

ಪರ್ಕಿನ್‌ನ ಮಾವ್ ಬಟ್ಟೆಗಾಯಿತು. ಬರವಣಿಗೆಯ ನೇರಳೆಯಾಗಿ ಗೆದ್ದದ್ದು ಅದರ ಹಿಂದೆಯೇ ಬಂದ ಇನ್ನೊಂದು ಕುಟುಂಬ. 1861ರಲ್ಲಿ ಫ್ರಾನ್ಸಿನ ಶಾರ್ಲ್ ಲೋತ್ ಮೀಥೈಲ್ ವಯೊಲೆಟ್ ತಯಾರಿಸಿದ. 1883ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಕೆರ್ನ್ ಮತ್ತು ಜರ್ಮನಿಯ ಹೈನ್ರಿಕ್ ಕಾರೊ ಅದರ ಶುದ್ಧ ರೂಪವಾದ ಕ್ರಿಸ್ಟಲ್ ವಯೊಲೆಟ್‌ಗೆ ದಾರಿ ಮಾಡಿದರು. ಇದರ ಕಸುವು ಎಂಥದ್ದೆಂದರೆ ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ ಹಾಕಿದರೂ ನೀರು ನೇರಳೆಯಾಗುತ್ತದೆ. ಬಾಯಿಹುಣ್ಣಿಗೆ ಹಚ್ಚುತ್ತಿದ್ದ ಜೆನ್ಷನ್ ವಯೊಲೆಟ್ ಇದೇ. ಆ ಔಷಧದ ಶೀಶೆಯ ಕತ್ತಿನಲ್ಲಿ ಹೆಪ್ಪುಗಟ್ಟಿ ಒಣಗಿದ ಪಕ್ಕು ಹಸಿರು-ಚಿನ್ನವಾಗಿ ಹೊಳೆಯುವುದನ್ನು ಕಂಡವರು, ಮಿರುಗು ಎಂಬ ಹೆಸರು ಕೇಳದೆಯೇ ಅದನ್ನು ಕಂಡಿದ್ದಾರೆ. ಕಚೇರಿಗಳ ಠಸ್ಸೆಯ ನೇರಳೆಯೂ ಇದೇ ಬಳಗದ್ದು.

ಫ್ರಾನ್ಸಿನ ಶಾಲೆಗಳಲ್ಲಿ ಮೂರನೆಯ ಗಣರಾಜ್ಯದ ಕಾಲದಿಂದ ಮಕ್ಕಳು ಬರೆದದ್ದು ನೇರಳೆ ಇಂಕಿನಲ್ಲಿ. ಮೇಜಿನ ಮೂಲೆಯ ತೂತಿನಲ್ಲಿ ಕೂರಿಸಿದ ಪಿಂಗಾಣಿ ದೌತಿಗೆ ಉಕ್ಕಿನ ನಿಬ್ಬನ್ನು ಅದ್ದಿ ಅದ್ದಿ ಬರೆಯುವುದು. 1965ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಬಾಲ್‌ಪೆನ್ನಿಗೆ ಒಪ್ಪಿಗೆ ಕೊಡುವವರೆಗೂ ಇದು ನಡೆಯಿತು. ಎರ್ಬಾಂ ಕಂಪನಿಯ ವಯೊಲೆಟ್ ಪಾಂಸೆ ಎಂಬ ಇಂಕು ಇಂದಿಗೂ ಆ ಶಾಲೆಗಳ ನೆನಪಿನಲ್ಲೇ ಮಾರಾಟವಾಗುತ್ತದೆ. ಅದ್ದಿ ಬರೆಯುವ ನಿಬ್ಬು ಕಾಗದದ ಮೇಲೆ ಧಾರಾಳವಾಗಿ ಇಂಕು ಇಳಿಸುತ್ತದೆ. ಮಿರುಗಿಗೆ ಬೇಕಾದದ್ದೂ ಅದೇ ಧಾರಾಳ.

ಸ್ಟೋಕ್ಸ್ ಕಂಡದ್ದಕ್ಕೆ ಇನ್ನೊಂದು ಕಡೆಯಿಂದ ಬಲ ಬಂದದ್ದು 1870ರಲ್ಲಿ. ಕೋಪನ್‌ಹೇಗನ್ನಿನ ಕ್ರಿಶ್ಚಿಯನ್ ಕ್ರಿಶ್ಚಿಯನ್ಸನ್, ಫ್ಯುಕ್ಸಿನ್ ಎಂಬ ಕೆನ್ನೇರಳೆ ಬಣ್ಣದ ದ್ರಾವಣವನ್ನು ಟೊಳ್ಳು ಗಾಜಿನ ಪಟ್ಟಕದೊಳಗೆ ಹೊಯ್ದು ಬೆಳಕು ಹಾಯಿಸಿದ. ಪಟ್ಟಕ ಸಾಮಾನ್ಯವಾಗಿ ಕೆಂಪನ್ನು ಕಡಿಮೆ, ನೇರಳೆಯನ್ನು ಹೆಚ್ಚು ಬಾಗಿಸುತ್ತದೆ. ಇಲ್ಲಿ ಆ ಕ್ರಮವೇ ಕದಡಿಹೋಗಿ ನೇರಳೆ ಕೆಂಪಿಗಿಂತಲೂ ಕಡಿಮೆ ಬಾಗಿತ್ತು. ಮರುವರ್ಷ ಆಗಸ್ಟ್ ಕುಂಟ್ ಒಂದರ ಮೇಲೊಂದು ಬಣ್ಣವನ್ನು ಪರೀಕ್ಷಿಸಿ, ಯಾವ ವಸ್ತುಗಳ ಮೈಗೆ ಲೋಹದ ಮಿರುಗಿದೆಯೋ ಅವೆಲ್ಲ ಬೆಳಕನ್ನು ಹೀಗೆ ಅಡ್ಡಾದಿಡ್ಡಿ ಬಾಗಿಸುತ್ತವೆ ಎಂದು ತೋರಿಸಿದ. ಬೆಳಕಿಗೂ ವಸ್ತುವಿನೊಳಗಿನ ಕಂಪನಕ್ಕೂ ಇರುವ ನಂಟಿನ ಸಿದ್ಧಾಂತ ಬೆಳೆದದ್ದು ಈ ವಿಚಿತ್ರವನ್ನು ವಿವರಿಸಬೇಕಾಗಿ ಬಂದದ್ದರಿಂದ.

ಗೆದ್ದ ವಿಚಾರ ತನ್ನ ಗಡಿ ದಾಟುವುದೂ ಉಂಟು. 1895ರಲ್ಲಿ ಜರ್ಮನಿಯ ಬೆರ್ನ್‌ಹಾರ್ಡ್ ವಾಲ್ಟರ್, ಜೀರುಂಡೆ, ಚಿಟ್ಟೆ, ಹಕ್ಕಿಪುಕ್ಕದ ಹೊಳಪೂ ಫ್ಯುಕ್ಸಿನ್ ಹರಳಿನಂಥದ್ದೇ ಎಂದು ಪುಸ್ತಕ ಬರೆದ. ಬೆಳಕಿನ ವೇಗ ಅಳೆದ ಆಲ್ಬರ್ಟ್ ಮೈಕಲ್ಸನ್ 1911ರಲ್ಲಿ ಅದನ್ನೇ ಬೆಂಬಲಿಸಿದ. ಲಾರ್ಡ್ ರೇಲಿ ಒಪ್ಪಲಿಲ್ಲ; ಅಲ್ಲಿರುವುದು ತೆಳು ಪದರಗಳ ಆಟ ಎಂದ. ಗೆದ್ದದ್ದು ರೇಲಿಯ ಪಕ್ಷ, 1940ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿಟ್ಟೆಯ ರೆಕ್ಕೆಯೊಳಗಿನ ಪದರಗಳನ್ನು ತೋರಿಸಿದ ಮೇಲೆ. ಈ ನಡುವೆ ಬೆಂಗಳೂರಿನಲ್ಲಿ ಸಿ. ವಿ. ರಾಮನ್ ನಮ್ಮ ನೀಲಕಂಠ ಹಕ್ಕಿಯ ಪುಕ್ಕವನ್ನೇ ಕೈಗೆತ್ತಿಕೊಂಡು, 1934ರಲ್ಲಿ ಅದರ ಬಣ್ಣದ ಮೂಲವನ್ನು ಪುಕ್ಕದ ಒಳರಚನೆಯಲ್ಲಿ ಹುಡುಕಿ ಬರೆದರು. ಇಂಕನ್ನು ಕೊಳ್ಳುವವರಿಗೆ ಈ ಜಗಳದಿಂದ ಒಂದು ಲಾಭವಿದೆ. ನವಿಲುಗರಿಯ ಬಣ್ಣ ಓರೆ ಮಾಡಿದಷ್ಟೂ ಜಾರುತ್ತಾ ಬೇರೆ ಬೇರೆಯಾಗುತ್ತದೆ. ಇಂಕಿನ ಮಿರುಗು ಇದ್ದರೆ ಇರುತ್ತದೆ, ಇಲ್ಲವಾದರೆ ಇಲ್ಲ; ಅದರ ಬಣ್ಣ ಬಹುಮಟ್ಟಿಗೆ ಒಂದೇ. ಆ ಬಣ್ಣ ಯಾವುದೆಂದು ಇಂಕನ್ನು ನೋಡಿಯೇ ಊಹಿಸಬಹುದು.

ಕೆಂಪಿನತ್ತ ವಾಲಿದ ನೇರಳೆ ಹೀರುವುದು ಹಸಿರನ್ನು, ಹಾಗಾಗಿ ಮಿರುಗು ಹಸಿರು. ನೀಲಿಯತ್ತ ವಾಲಿದ ನೇರಳೆ ಹೀರುವುದು ಹಳದಿ-ಕಿತ್ತಳೆಯನ್ನು, ಮಿರುಗು ಚಿನ್ನ ಇಲ್ಲವೇ ತಾಮ್ರದತ್ತ ಸರಿಯುತ್ತದೆ. ಅಪ್ಪಟ ನೀಲಿಗೆ ಕೆಂಪು ಮಿರುಗು. 1990ರ ದಶಕದ ಪಾರ್ಕರ್ ಪೆನ್‌ಮನ್ ಸಫೈರ್ ಇಂಕು, ತಯಾರಿಕೆ ನಿಂತ ಮೇಲೂ ಜನ ಹುಡುಕಿಕೊಂಡು ಹೋಗುವಷ್ಟು ಹೆಸರಾದದ್ದು ಈ ಕೆಂಪಿನಿಂದ. ಎರಡು ಮೂರು ಬಣ್ಣ ಬೆರೆಸಿ ಮಾಡಿದ ನೇರಳೆಯಲ್ಲಿ ಲೆಕ್ಕ ಸ್ವಲ್ಪ ತಪ್ಪಬಹುದು, ಒಂದು ಬಣ್ಣವೇ ಮೇಲೆದ್ದು ತನ್ನ ಮಿರುಗನ್ನು ತೋರಿಸಬಹುದು. 2016ರಲ್ಲಿ ಲ್ಯಾಮಿ ಕಂಪನಿ ತಂದ ಡಾರ್ಕ್ ಲೈಲಾಕ್ ಆಳವಾದ, ಹೆಚ್ಚುಕಡಿಮೆ ಕಪ್ಪಿಗಿಳಿದ ನೇರಳೆ. ಅದರ ಅಂಚಿನ ಹಸಿರು-ಚಿನ್ನಕ್ಕಾಗಿಯೇ ಅದನ್ನು ಪ್ರೀತಿಸಿದವರು ಬಹಳ. ಪೈಲಟ್‌ನ ಇರೊಶಿಜುಕು ಸಾಲಿನ ಯಾಮ-ಬುಡೊ ಕಾಡುದ್ರಾಕ್ಷಿಯ ಕೆನ್ನೇರಳೆ, ಚಿನ್ನದ ಮಿರುಗು. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ: ಮಿರುಗು ಹದವಾಗಿದೆ, ನಿಬ್ಬಿಗೆ ಕಟ್ಟಿಕೊಳ್ಳುವುದಿಲ್ಲ, ಮಿರುಗಿಲ್ಲದ ಕಾಗದದಲ್ಲೂ ಬಣ್ಣ ಚೆಂದ. ನಮ್ಮ ನೆರೆಯ ಕೇರಳದಲ್ಲೇ ತಯಾರಾಗುವ ಕೃಷ್ಣ ಇಂಕುಗಳಲ್ಲಿ ಮಿರುಗಿನ ಸಾಲೇ ಇದೆ.

ಇಂಕು ಆರಿಸುವ ಮೊದಲು ಕಾಗದ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಗಡಿಯ ಸಾಧಾರಣ ನೋಟ್‌ಬುಕ್ ಹಾಳೆ ಇಂಕನ್ನು ಒಳಗೆಳೆದುಕೊಳ್ಳುತ್ತದೆ. ಅಣುಗಳು ನಾರಿನೊಳಗೆ ಚದುರಿಹೋಗಿ ಮೇಲೆ ಪದರವೇ ನಿಲ್ಲುವುದಿಲ್ಲ, ಎಂಥ ದುಬಾರಿ ಇಂಕಾದರೂ ಮಂಕು. ಜಪಾನಿನ ಟೊಮೊಎ ರಿವರ್ ಎಂಬ ಕಾಗದ ಚದರ ಮೀಟರಿಗೆ 52 ಗ್ರಾಂ ಅಷ್ಟೇ ತೂಗುವ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಾಳೆ. ಆದರೂ ಇಂಕನ್ನು ಹೀರದೆ ಮೈಮೇಲೇ ನಿಲ್ಲಿಸಿಕೊಳ್ಳುತ್ತದೆ. ಮಿರುಗುವ ಇಂಕುಗಳ ಮೋಹ ಇಷ್ಟು ಹಬ್ಬಿದ್ದರಲ್ಲಿ ಈ ಕಾಗದದ ಪಾಲು ದೊಡ್ಡದು.

ಮಿರುಗು ಅಕ್ಷರದ ಅಂಚಿಗೇ ಏಕೆ ಸೇರುತ್ತದೆ ಎಂಬುದಕ್ಕೂ ಉತ್ತರವಿದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಹನಿ ಒಣಗಿದಾಗ ಅಂಚಿನಲ್ಲಿ ಕಪ್ಪು ಬಳೆಯುಳಿಯುವುದೇಕೆ ಎಂದು ಶಿಕಾಗೋ ವಿಶ್ವವಿದ್ಯಾಲಯದ ತಂಡವೊಂದು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ವಿವರಿಸಿತು. ಅಂಚು ಕಾಗದಕ್ಕೋ ಮೇಜಿಗೋ ಕಚ್ಚಿಕೊಂಡಿರುತ್ತದೆ, ಅಲ್ಲಿ ಆರಿದ ನೀರನ್ನು ತುಂಬಲು ನಡುವಿನಿಂದ ದ್ರವ ಹರಿಯುತ್ತದೆ, ಹರಿಯುವಾಗ ತನ್ನಲ್ಲಿದ್ದುದನ್ನು ಅಂಚಿಗೆ ಒಯ್ದು ಸುರಿಯುತ್ತದೆ. ಒದ್ದೆಯಾಗಿ ಬರೆಯುವ ನಿಬ್ಬು, ನಿಧಾನವಾಗಿ ಒಣಗುವ ಸಾಲು, ಹೀರದ ಕಾಗದ ಮೂರೂ ಕೂಡಿದರೆ ಅಂಚಿನ ಪದರ ದಪ್ಪವಾಗುತ್ತದೆ. ತೆಳು ತುದಿಯ ಎಫ್ ನಿಬ್ಬಿಗಿಂತ ದಪ್ಪ ತುದಿಯ ಬಿ ನಿಬ್ಬು, ಅದಕ್ಕಿಂತ ಚಪ್ಪಟೆ ತುದಿಯ ಸ್ಟಬ್ ನಿಬ್ಬು ಮೇಲು. ಕನ್ನಡ ಬರೆಯುವವರಿಗೆ ಇದರಲ್ಲಿ ಒಂದು ಸುಖ ಹೆಚ್ಚು: ನಮ್ಮ ಅಕ್ಷರ ದುಂಡು, ತಿರುವು ಬಹಳ, ಪ್ರತಿ ತಿರುವಿನಲ್ಲೂ ನಿಬ್ಬು ಅರೆಗಳಿಗೆ ತಡೆದು ಮುಂದೆ ಹೋಗುತ್ತದೆ. ತಡೆದ ಕಡೆಯಲ್ಲೆಲ್ಲ ಇಂಕು ಕೂರುತ್ತದೆ, ಹಸಿರು ಏಳುತ್ತದೆ.

ಬಣ್ಣ ಮೇಲೆಯೇ ಕೂತಿರುವುದರಿಂದ ಕೈಗೂ ಅಂಟುತ್ತದೆ. ಮಳೆಗಾಲದ ತೇವದಲ್ಲಿ, ಕರಾವಳಿಯ ಸೆಕೆಯಲ್ಲಿ, ವಾರದ ಹಿಂದೆ ಬರೆದದ್ದೂ ಬೆರಳು ತಾಕಿದರೆ ಒರೆಸಿಕೊಳ್ಳಬಹುದು. ಶೀಶೆ ಕೊಳ್ಳುವ ಮೊದಲು ಸಾಧ್ಯವಾದರೆ ಎರಡು ಮಿಲಿಲೀಟರಿನ ಮಾದರಿ ತರಿಸಿ, ನೀವು ನಿತ್ಯ ಬರೆಯುವ ಕಾಗದದ ಮೇಲೆಯೇ ಬರೆದು, ಮರುದಿನ ಹೆಬ್ಬೆರಳಿನಿಂದ ಉಜ್ಜಿ ನೋಡಿ. ಮಿರುಗು ಹೆಚ್ಚಿದಷ್ಟೂ ಇಂಕಿನಲ್ಲಿ ಬಣ್ಣದ ಪಾಲು ಹೆಚ್ಚು, ಪೆನ್ನಿನೊಳಗೆ ಒಣಗಿ ಕಟ್ಟಿಕೊಳ್ಳುವ ಭಯವೂ ಹೆಚ್ಚು. ಬರೆಯದೆ ವಾರಗಟ್ಟಲೆ ಇಡುವುದಾದರೆ ಪೆನ್ನನ್ನು ನೀರಿನಲ್ಲಿ ತೊಳೆದಿಡಿ. ದಸ್ತಾವೇಜಿಗೆ, ಅರ್ಜಿಗೆ ಈ ಇಂಕು ಬೇಡ. ನೀರು ಬಿದ್ದರೆ ಹರಡುವಂಥವೇ ಹೆಚ್ಚು. ದಿನಚರಿಗೆ, ಕಾಗದಪತ್ರಕ್ಕೆ, ಕವಿತೆಯ ಕರಡಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಕಾಣೆ. ಠಸ್ಸೆಯ ಪ್ಯಾಡಿಗೆ ಹಾಕುವ ನೇರಳೆಯನ್ನಂತೂ ಪೆನ್ನಿಗೆ ಎಂದೂ ತುಂಬಬಾರದು, ಅದು ಪೆನ್ನಿಗಾಗಿ ಮಾಡಿದ್ದಲ್ಲ.

ನೋಡುವ ಬೆಳಕೂ ಮುಖ್ಯ. ಟ್ಯೂಬ್‌ಲೈಟ್ ಬೆಳಕು ಎಲ್ಲ ಕಡೆಯಿಂದ ಹರಡಿ ಬಂದು ಮಿರುಗನ್ನು ಮಬ್ಬಾಗಿಸುತ್ತದೆ. ಒಂದೇ ಕಡೆಯಿಂದ ಬೀಳುವ ಬೆಳಕು ಬೇಕು: ಕಿಟಕಿ, ಮೇಜಿನ ದೀಪ. ಮನೆಯಲ್ಲಿ ಪೋಲರಾಯ್ಡ್ ತಂಪುಕನ್ನಡಕವಿದ್ದರೆ ಇನ್ನೊಂದು ಪ್ರಯೋಗ ಮಾಡಬಹುದು. ನೇರಳೆ ಇಂಕನ್ನು ಒಂದು ಹಾಳೆಯ ಮೇಲೆ ದಟ್ಟವಾಗಿ ಬಳಿದು ಒಣಗಿಸಿ, ದೀಪದ ಪ್ರತಿಫಲನ ಕಾಣುವಂತೆ ಓರೆಯಾಗಿಟ್ಟು, ಕನ್ನಡಕದ ಮೂಲಕ ನೋಡುತ್ತಾ ಹಾಳೆಯ ಓರೆಯನ್ನು ಹೆಚ್ಚು ಕಡಿಮೆ ಮಾಡಿ. ಒಂದು ಕೋನದಲ್ಲಿ ಮೇಲ್ಮೈಯ ಬಿಳಿ ಹೊಳಪು ಸೋರಿಹೋಗಿ ಬಣ್ಣದ ಮಿರುಗು ಮಾತ್ರ ಉಳಿಯುತ್ತದೆ, ಮೊದಲಿಗಿಂತ ಅಪ್ಪಟವಾಗಿ. ಗಾಜಿನಂಥ ಹೊಳಪಿಗೂ ಲೋಹದಂಥ ಹೊಳಪಿಗೂ ಇರುವ ವ್ಯತ್ಯಾಸ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಸ್ಟೋಕ್ಸ್‌ನ ಕಾಲದವರಿಗೆ ಈ ಕೆಲಸಕ್ಕೆ ಇದ್ದದ್ದು ಕ್ಯಾಲ್ಸೈಟ್ ಹರಳಿನಿಂದ ಕಡೆದ ನಿಕೋಲ್ ಪಟ್ಟಕ. ಎಡ್ವಿನ್ ಲ್ಯಾಂಡ್ 1920ರ ದಶಕದ ಕೊನೆಯಲ್ಲಿ ಮೊದಲ ಪೋಲರಾಯ್ಡ್ ಹಾಳೆಯನ್ನು ಮಾಡಿದ್ದು, ಹೆರಪತೈಟ್ ಎಂಬ ಸೂಜಿಯಂಥ ಸಣ್ಣ ಹರಳುಗಳನ್ನು ಸಾಲಾಗಿ ನಿಲ್ಲಿಸಿ. 1852ರಲ್ಲಿ ಬ್ರಿಸ್ಟಲ್‌ನ ವೈದ್ಯ ವಿಲಿಯಂ ಹೆರಪತ್ ಗುರುತಿಸಿದ ಆ ಹರಳು ಸಹ ಪ್ರತಿಫಲಿತ ಬೆಳಕಿನಲ್ಲಿ ಹಸಿರಾಗಿ ಮಿರುಗುತ್ತದೆ. ಅದು ಅಯೋಡಿನ್ ಕೂಡಿದ ಕ್ವಿನೈನಿನ ಲವಣ.